ಗೈಡ್ ಜೊತೆಗಿನ ಕೊಡಗು: ಸೈಕಲ್, ಚಾರಣ ಮತ್ತು ಪಂದಿ ಕರಿ

ಕೊಡಗಿಗೆ ಹೋಗಿಬರಲು ಗೈಡ್ ಏಕೆ ಬೇಕು ಎಂಬ ಪ್ರಶ್ನೆ ಬೆಂಗಳೂರು, ಮೈಸೂರಿನವರಿಗೆ ಸಹಜವಾಗಿಯೇ ಬರುತ್ತದೆ. ಹೋಂಸ್ಟೇ ಫೋನಿನಲ್ಲೇ ಬುಕ್ ಆಗುತ್ತದೆ, ರಾಜಾಸೀಟು, ಅಬ್ಬಿ ಜಲಪಾತ, ದುಬಾರೆಗಳಿಗೆ ದಾರಿ ಕೇಳುವ ಅಗತ್ಯವೂ ಇಲ್ಲ. ಆದರೆ ಒಳಗಿನ ರಸ್ತೆಗಳಲ್ಲಿ ಸೈಕಲ್ ತುಳಿಯುವುದು, ತಡಿಯಂಡಮೋಳ್ ಬೆಟ್ಟ ಹತ್ತುವುದು, ಕೊಡವರ ಮನೆಯಲ್ಲಿ ಕೂತು ಉಣ್ಣುವುದು ಎಂಬ ಮೂರನ್ನೂ ಒಂದೇ ಪ್ರವಾಸಕ್ಕೆ ಹೊಂದಿಸಿ, ಲಗೇಜನ್ನು ಜೀಪಿನಲ್ಲಿ ಹಿಂದೆಯೇ ತರುವ ಪ್ಯಾಕೇಜೊಂದನ್ನು ಬೆಂಗಳೂರಿನ ಸಂಸ್ಥೆಯೊಂದು ನಡೆಸುತ್ತಿದೆ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಮುಗಿದ ಮೇಲೆ, ಡಿಸೆಂಬರಿನಲ್ಲಿ, ನಾನೂ ನನ್ನ ಪತ್ನಿಯೂ ಒಂದು ಸಣ್ಣ ಗುಂಪಿನೊಂದಿಗೆ ಅದರಲ್ಲಿ ಹೋಗಿಬಂದೆವು. ಇಬ್ಬರಿಗೆ ಸೇರಿ ಅರ್ಧ ಲಕ್ಷ ದಾಟುವ ಈ ಪ್ರವಾಸದಲ್ಲಿ ಕೊಡಗಿನವರ ಕೈಗೆ ಬಿಟ್ಟಿದ್ದೆಲ್ಲವೂ ಕೊಟ್ಟ ಹಣಕ್ಕೆ ತಕ್ಕಂತೆ ಇತ್ತು. ಬೆಂಗಳೂರಿನ ಕಚೇರಿಯಲ್ಲಿ ಕೂತು ತೀರ್ಮಾನಿಸಿದ್ದರಲ್ಲಿ ಬಹುಪಾಲು ಹಾಗಿರಲಿಲ್ಲ.

ಸೈಕಲ್‌ಗಳಿಂದಲೇ ಆರಂಭಿಸಬೇಕು, ಏಕೆಂದರೆ ಜಾಹೀರಾತಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅವೇ. ಬುಕಿಂಗ್ ಮಾಡುವಾಗ ನಮ್ಮ ಎತ್ತರವನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಬರೆಸಿಕೊಂಡಿದ್ದರು. ಮೂರ್ನಾಡಿನಲ್ಲಿ ಜೀಪಿನಿಂದ ಇಳಿಸಿದಾಗ ನೋಡಿದರೆ ಎಲ್ಲ ಫ್ರೇಮ್‌ಗಳೂ ಒಂದೇ ಸೈಜಿನವು. ನನ್ನ ಪತ್ನಿಗೆ ಸೀಟನ್ನು ಕೊನೆಯವರೆಗೆ ಇಳಿಸಿದರೂ ಹ್ಯಾಂಡಲ್ ದೂರವೇ ಉಳಿಯಿತು, ಸಂಜೆಯ ಹೊತ್ತಿಗೆ ಭುಜ ಹಿಡಿದುಕೊಂಡಿತ್ತು. ನನ್ನದರಲ್ಲಿ ಗೇರ್ ಹೊಂದಿಸಿರಲಿಲ್ಲ. ಏರಿನಲ್ಲಿ ಅತ್ಯಂತ ಹಗುರವಾದ ಗೇರಿಗೆ ಹಾಕಿದ ಕೂಡಲೇ ಚೈನು ಹಿಂದಿನ ಚಕ್ರದ ಹಲ್ಲುಗಳನ್ನು ದಾಟಿ ಕಡ್ಡಿಗಳ ಕಡೆಗೆ ಜಾರಿ ಸಿಕ್ಕಿಕೊಳ್ಳುತ್ತಿತ್ತು, ಅಂದರೆ ಆ ಗೇರ್ ಬೇಕೇ ಬೇಕಾದ ಜಾಗದಲ್ಲಿಯೇ ಅದು ಕೈಕೊಡುತ್ತಿತ್ತು. ಜೀಪಿನಲ್ಲಿ ಇದ್ದದ್ದು ಒಂದು ಪಂಪು ಮತ್ತು ಪಂಕ್ಚರ್ ಹಾಕುವ ಸಾಮಗ್ರಿ ಮಾತ್ರ. ಚಾಲಕರು ಒಳ್ಳೆಯವರು, ಸ್ಕ್ರೂಡ್ರೈವರ್ ಹಿಡಿದು ಪ್ರಯತ್ನಿಸಿದರು, ಆದರೆ ಅದು ಅವರ ಕೆಲಸವಲ್ಲ. ಏರಿಳಿತವೇ ಜೀವಾಳವಾದ ಜಿಲ್ಲೆಯಲ್ಲಿ ಸೈಕಲ್ ಪ್ರವಾಸ ನಡೆಸುವವರು ಒಬ್ಬ ಮೆಕ್ಯಾನಿಕ್ಕನ್ನು ಕಳಿಸದಿರುವುದು ಉಳಿತಾಯದ ಯಾವ ಲೆಕ್ಕಕ್ಕೂ ಒಪ್ಪುವಂಥದ್ದಲ್ಲ.

ಮಾರ್ಗವನ್ನು ಮಾತ್ರ ಚೆನ್ನಾಗಿ ಆರಿಸಿದ್ದಾರೆ. ಮೂರ್ನಾಡಿನಿಂದ ಬಲಮುರಿ, ನಾಪೋಕ್ಲು ದಾಟಿ ಕಕ್ಕಬ್ಬೆಗೆ ಹೋಗುವ ದಾರಿಯಲ್ಲಿ ಎರಡೂ ಕಡೆ ಕಾಫಿ ತೋಟ, ತಗ್ಗಿಗಿಳಿದಾಗಲೆಲ್ಲ ಕೊಯ್ಲಾಗುತ್ತಿದ್ದ ಭತ್ತದ ಗದ್ದೆ, ನಡುನಡುವೆ ಕಾವೇರಿ. ಬಲಮುರಿಯಲ್ಲಿ ನದಿ ಬಲಕ್ಕೆ ತಿರುಗುತ್ತದೆ. ಕೊಡವ ಹೆಂಗಸರು ಸೀರೆಯ ನೆರಿಗೆಯನ್ನು ಹಿಂದಕ್ಕೆ ಉಡುವುದಕ್ಕೂ ಕಾವೇರಿಯ ರಭಸಕ್ಕೂ ನಂಟು ಹಾಕುವ ಐತಿಹ್ಯ ಈ ಜಾಗದ್ದೇ. ತೊಂದರೆ ಇದ್ದದ್ದು ವೇಳಾಪಟ್ಟಿಯಲ್ಲಿ. ಅಚ್ಚು ಹಾಕಿದ ಕಾರ್ಯಕ್ರಮದಂತೆ ಹತ್ತು ಗಂಟೆಗೆ ಹೊರಟರೆ, ಏರು ಬರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ. ಜೊತೆಗೆ ಅಂದು ಭಾನುವಾರವಾದ್ದರಿಂದ ಕಿರಿದಾದ ರಸ್ತೆಯ ತುಂಬ ನಮ್ಮೂರಿನ ನೋಂದಣಿಯ ಕಾರುಗಳು ತಿರುವಿನಲ್ಲಿ ಹಾರ್ನ್ ಕೂಡ ಹಾಕದೆ ನುಗ್ಗುತ್ತಿದ್ದವು. ಎಂಟಕ್ಕೇ ಹೊರಡಬೇಕೆಂದು ಸ್ಥಳೀಯ ಗೈಡ್ ಹಿಂದಿನ ಗುಂಪುಗಳ ಕಾಲದಿಂದಲೂ ಕಚೇರಿಗೆ ಹೇಳುತ್ತಲೇ ಬಂದಿದ್ದಾರಂತೆ.

ಆ ಗೈಡ್ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು. ಕಕ್ಕಬ್ಬೆಯ ಸುತ್ತಮುತ್ತಲೇ ಬೆಳೆದ ಯುವಕ, ಮನೆಯಲ್ಲಿ ಸಣ್ಣ ತೋಟವಿದೆ, ಬಿಡುವಿನಲ್ಲಿ ಈ ಕೆಲಸ. ಇತಿಹಾಸದ ಇಸವಿಗಳನ್ನು ಕಂಠಪಾಠ ಮಾಡಿ ಒಪ್ಪಿಸುವ ಜಾತಿಯವರಲ್ಲ. ತೋಟದ ನಡುವಿನ ಮಣ್ಣುರಸ್ತೆಯೊಂದಕ್ಕೆ ತಿರುಗಬೇಕಾದಲ್ಲಿ ಅವರು ಸೈಕಲ್ ನಿಲ್ಲಿಸಿ, ಕುಕ್ಕರಗಾಲಿನಲ್ಲಿ ಕೂತು, ರಸ್ತೆಯಂಚಿನ ಆನೆ ಲದ್ದಿಯನ್ನು ಕಡ್ಡಿಯಿಂದ ಬಿಡಿಸಿದರು. ನಾರಿನ ನಡುವೆ ಕಾಫಿ ಬೀಜಗಳು ಇಡಿಯಾಗಿಯೇ ಇದ್ದವು. ಕೈಯನ್ನು ಅದರ ಮೇಲೆ ಹಿಡಿದು, “ಇನ್ನೂ ಬಿಸಿ ಇದೆ ಸರ್, ಈ ದಾರಿ ಇವತ್ತು ಬೇಡ” ಎಂದರು. ನಾವು ಡಾಂಬರು ರಸ್ತೆಯಲ್ಲೇ ಸುತ್ತಿ ಹೋದೆವು. ಕಾಡಾನೆಗಳು ತೋಟಕ್ಕಿಳಿಯುವುದು ಕೊಡಗಿನಲ್ಲಿ ಪ್ರತಿದಿನದ ಸಂಗತಿ, ತೋಟದ ಕಾರ್ಮಿಕರು ಪ್ರಾಣ ಕಳೆದುಕೊಂಡ ಸುದ್ದಿ ಮತ್ತೆಮತ್ತೆ ಬರುತ್ತದೆ. ಮೊಬೈಲಿನ ನಕ್ಷೆ ನೋಡಿಕೊಂಡು ಸ್ವಂತವಾಗಿ ಸೈಕಲ್ ತುಳಿಯಲು ಬರುವವರಿಗೆ ಆ ದಾರಿ ಚಂದದ ಹಸಿರು ಗೆರೆಯಾಗಿ ಮಾತ್ರ ಕಂಡೀತು.

ಚಾರಣದ ದಿನ ಇಡೀ ಪ್ರವಾಸದ ತೂಕದ ದಿನ. 1,748 ಮೀಟರ್ ಎತ್ತರದ ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಶಿಖರ. ನಾಲ್ಕುನಾಡು ಅರಮನೆಯ ಬಳಿಯಿಂದ ತುದಿಯವರೆಗೆ ಆರೇಳು ಕಿಲೋಮೀಟರ್ ದಾರಿ. ಮೊದಲರ್ಧ ತೋಟದ ಜೀಪು ರಸ್ತೆ, ಆಮೇಲೆ ಹುಲ್ಲುಗಾವಲು, ಕೊನೆಗೆ ಶೋಲಾ ಎಂಬ ಬೆಟ್ಟದ ಮಡಿಲಿನ ದಟ್ಟ ಕಾಡಿನೊಳಗೆ ಬೇರು ಹಿಡಿದು ಏರಬೇಕಾದ ಕಡಿದಾದ ತುಂಡು. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಚಾರಣಿಗರ ನೂಕುನುಗ್ಗಲಾದ ಮೇಲೆ ಅರಣ್ಯ ಇಲಾಖೆ ಇಂಥ ಚಾರಣಗಳಿಗೆ ಆನ್‌ಲೈನ್ ಬುಕಿಂಗ್ ವ್ಯವಸ್ಥೆಯನ್ನು ಬಿಗಿಗೊಳಿಸಿತು. ಬೆಂಗಳೂರಿನ ಕಚೇರಿಗೆ ಸಲ್ಲಬೇಕಾದ ಶ್ರೇಯ ಸಲ್ಲಲಿ: ಅನುಮತಿ, ಗುರುತಿನ ಚೀಟಿಗಳು, ಶುಲ್ಕ ಯಾವುದರಲ್ಲೂ ಗೊಂದಲವಿರಲಿಲ್ಲ, ಗೇಟಿನಲ್ಲಿ ಎರಡು ನಿಮಿಷವೂ ಕಾಯಲಿಲ್ಲ. ಬುಕಿಂಗ್ ಇಲ್ಲದೆ ಬಂದು ಅಲ್ಲಿ ವಾದಿಸುತ್ತಿದ್ದ ಹುಡುಗರನ್ನು ನೋಡಿದಾಗ ಈ ಕೆಲಸದ ಬೆಲೆ ತಿಳಿಯಿತು. ಏರುವಾಗ ಗೈಡ್ ಗುಂಪಿನ ಹಿಂದಿನವರ ನಡಿಗೆಗೆ ತಕ್ಕಂತೆ ಎಲ್ಲರನ್ನೂ ನಡೆಸಿದರು, ಮುಂದೆ ಓಡುವವರಿಗೆ ಅದು ಹಿಡಿಸಲಿಲ್ಲ, ಉಳಿದವರಿಗೆ ಹಿಡಿಸಿತು. ಪ್ಲಾಸ್ಟಿಕ್ ಬಾಟಲಿ ಬೇಡವೆಂದು ಮೊದಲೇ ಸ್ಟೀಲ್ ಬಾಟಲಿಗಳನ್ನು ಕೊಟ್ಟದ್ದೂ ಮೆಚ್ಚತಕ್ಕ ವಿಷಯ.

ಇಳಿದು ಬಂದ ಮೇಲೆ ಅರಮನೆ. ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ 18ನೇ ಶತಮಾನದ ಕೊನೆಯಲ್ಲಿ ಕಟ್ಟಿಸಿದ ಈ ಕಟ್ಟಡ ಅರಮನೆಯೆಂಬ ಹೆಸರಿಗೆ ತುಸು ಸಣ್ಣದೇ. ಕೊಡಗನ್ನು 1834ರಲ್ಲಿ ಬ್ರಿಟಿಷರು ವಶಪಡಿಸಿಕೊಳ್ಳುವಾಗ ಚಿಕ್ಕವೀರರಾಜೇಂದ್ರ ಕೊನೆಗೆ ಆಶ್ರಯ ಪಡೆದದ್ದು ಇಲ್ಲಿಯೇ. ಅಷ್ಟು ದಣಿದ ಕಾಲುಗಳಿಗೆ ಇತಿಹಾಸ ಹಿಡಿಯುವುದಿಲ್ಲ. ಇದನ್ನು ಬೆಳಿಗ್ಗೆಯೇ ತೋರಿಸಿದ್ದರೆ ಒಳ್ಳೆಯದಿತ್ತು.

ಊಟದ ವಿಷಯದಲ್ಲಿ ಪ್ರವಾಸ ಎರಡು ಹೋಳು. ಮೊದಲ ರಾತ್ರಿ ಮಡಿಕೇರಿ ಸಮೀಪದ ರೆಸಾರ್ಟಿನಲ್ಲಿ ಬಡಿಸಿದ್ದು ಪನೀರ್ ಬಟರ್ ಮಸಾಲ, ಗೋಬಿ ಮಂಚೂರಿ, ನೂಡಲ್ಸ್. ಇದನ್ನು ತಿನ್ನಲು ಇಷ್ಟು ದೂರ ಬರಬೇಕಾಗಿರಲಿಲ್ಲ. ಕಕ್ಕಬ್ಬೆಯ ಕೊಡವ ಮನೆಗೆ ಬಂದ ಮೇಲೆ ಕಥೆಯೇ ಬೇರೆ. ಮನೆಯೊಡತಿ ಅತಿಥಿಗಳನ್ನು ಅಡುಗೆಮನೆಗೇ ಕರೆಯುತ್ತಾರೆ. ಜೀರಿಗೆ, ಕೊತ್ತಂಬರಿ, ಕಾಳುಮೆಣಸು, ಸಾಸಿವೆಗಳನ್ನು ಇನ್ನೇನು ಸೀಯಿತು ಎನ್ನುವಷ್ಟು ಕಪ್ಪಗೆ ಹುರಿದು ಪುಡಿ ಮಾಡಿದರು. ಪಂದಿ ಕರಿಗೆಂದು ಹಂದಿ ಮಾಂಸ ತನ್ನದೇ ಕೊಬ್ಬಿನಲ್ಲಿ ನಿಧಾನವಾಗಿ ಬೇಯುತ್ತಿತ್ತು. ಪೂರ್ತಿ ಬೆಂದ ಮೇಲೆ ಒಂದು ಹಳೆಯ ಸೀಸೆಯಿಂದ ಕಾಚಂಪುಳಿಯನ್ನು ಚಮಚಕ್ಕೆ ಬಗ್ಗಿಸಿದರು. ಮಳೆಗಾಲದಲ್ಲಿ ಉದುರಿದ ಹಣ್ಣುಗಳನ್ನು ಬುಟ್ಟಿಯಲ್ಲಿ ರಾಶಿ ಹಾಕಿ, ಅದರಿಂದ ಇಳಿದ ರಸವನ್ನು ಕುದಿಸಿ ಕುದಿಸಿ ಇಂಗಿಸಿದ ಈ ಹುಳಿ ಡಾಂಬರಿನಷ್ಟು ಕಪ್ಪು, ವರ್ಷಗಟ್ಟಲೆ ಕೆಡುವುದಿಲ್ಲ. ಅದು ಬಿದ್ದದ್ದೇ ಪಾತ್ರೆಯೊಳಗಿನ ಬಣ್ಣ ಕಂದಿನಿಂದ ಕಪ್ಪಿಗೆ ತಿರುಗಿತು, ವಾಸನೆಯೂ ಬದಲಾಯಿತು. ಪಕ್ಕದಲ್ಲಿ ಅವರ ಸೊಸೆ ಅಕ್ಕಿತರಿಯನ್ನು ಬೇಯಿಸಿ ಒದ್ದೆ ಕೈಯಲ್ಲಿ ಉಂಡೆ ಕಟ್ಟಿ ಕಡಂಬುಟ್ಟನ್ನು ಹಬೆಗಿಡುತ್ತಿದ್ದರು. ನಗರದ ಹೋಟೆಲುಗಳಲ್ಲಿ ಪಂದಿ ಕರಿಗೆ ವಿನಿಗರ್ ಅಥವಾ ಹುಣಸೆ ಬೀಳುವುದುಂಟು; ಎರಡನ್ನೂ ತಿಂದವರಿಗೆ ಅಂತರ ಹೇಳಿಕೊಡಬೇಕಾಗಿಲ್ಲ.

ನನ್ನ ಪತ್ನಿ ಸಸ್ಯಾಹಾರಿ. ಕೊಡಗಿನಲ್ಲಿ ಸಸ್ಯಾಹಾರಿಗಳಿಗೆ ಏನು ಸಿಕ್ಕೀತು ಎಂಬ ಅಳುಕಿದ್ದವರು ಈ ಮನೆಯ ಅಡುಗೆಯನ್ನು ಉಣ್ಣಬೇಕು. ಅಕ್ಕಿ ಒಟ್ಟಿ (ರೊಟ್ಟಿ), ನೂಪುಟ್ಟು (ಒತ್ತು ಶಾವಿಗೆ), ಹಾಲು ತೆಂಗಿನಕಾಯಿ ಹಾಕಿ ಬೇಯಿಸಿದ ಪಾಪುಟ್ಟು, ಮಳೆಗಾಲದಲ್ಲಿ ತಂದು ಉಪ್ಪುನೀರಿನಲ್ಲಿಟ್ಟಿದ್ದ ಕಣಿಲೆಯ (ಎಳೆ ಬಿದಿರಿನ) ಪಲ್ಯ, ಕೈಪುಳಿ ಎಂಬ ಕಹಿ ಕಿತ್ತಳೆಯ ಪಜ್ಜಿ. ಪಜ್ಜಿಯ ಹುಳಿ–ಕಹಿ ಎಲ್ಲರ ನಾಲಿಗೆಗೂ ಒಗ್ಗುವುದಿಲ್ಲ, ನನಗೆ ಒಗ್ಗಿತು. ಬೆಳಗಿನ ಬೆಲ್ಲದ ಕಾಫಿ ಒಂದು ಲೋಟ ಸಾಲದು. ತೋಟದ ನಡಿಗೆಯೂ ಊಟದ ಮುಂದುವರಿಕೆಯಂತೆಯೇ ಇತ್ತು: ಅರೇಬಿಕಾ ಕೊಯ್ಲಿನ ಕಾಲ, ಪಲ್ಪರಿನಲ್ಲಿ ಸಿಪ್ಪೆ ತೆಗೆದ ಬೀಜ ಕಣದ ತುಂಬ ಹರಡಿತ್ತು. ಕಾಫಿ ಮಂಡಳಿಯ ದರ್ಜೆಗಳ ಬಗ್ಗೆ ಮನೆಯ ಹಿರಿಯರು ಅಷ್ಟು ಉದ್ದದ ಭಾಷಣ ಮಾಡದಿದ್ದರೂ ನಡೆಯುತ್ತಿತ್ತು.

ಮಲಗುವ ಕೋಣೆಗಳು ಶುಭ್ರ, ಬಿಸಿನೀರಿಗೆ ಕೊರತೆಯಿಲ್ಲ.

ಹಣದ ಲೆಕ್ಕವನ್ನು ನೇರವಾಗಿ ಹೇಳುವುದಾದರೆ, ಇದೇ ಮನೆಯನ್ನು ಸ್ವಂತವಾಗಿ ಬುಕ್ ಮಾಡಿ, ಚಾರಣದ ಅನುಮತಿಯನ್ನು ನಾವೇ ಪಡೆದು, ಗೈಡ್‌ಗೆ ದಿನದ ಸಂಬಳ ಕೊಟ್ಟರೆ ಖರ್ಚು ಅರ್ಧಕ್ಕಿಳಿಯುತ್ತದೆ. ಉಳಿದರ್ಧವನ್ನು ಸಂಸ್ಥೆ ತೆಗೆದುಕೊಳ್ಳುವುದು ಸೈಕಲ್, ಜೀಪು ಮತ್ತು ನಿಶ್ಚಿಂತೆಗೆ. ನಡೆಯುವುದಕ್ಕೂ ಉಣ್ಣುವುದಕ್ಕೂ ಬರುವವರು ಈ ನಿಶ್ಚಿಂತೆಗೆ ಹಣ ಕೊಡಬಹುದು, ಅದರಲ್ಲೂ ಅಪ್ಪ ಅಮ್ಮನಂಥ ಹಿರಿಯರನ್ನು ಕರೆತರುವವರು, ಏಕೆಂದರೆ ದಣಿದವರನ್ನು ಜೀಪು ಯಾವ ತಿರುವಿನಲ್ಲಾದರೂ ಹತ್ತಿಸಿಕೊಳ್ಳುತ್ತದೆ. ಸೈಕಲ್‌ಗಾಗಿಯೇ ಬರುವವರು ಹಣ ಕಟ್ಟುವ ಮೊದಲು ತಮಗೆ ಕೊಡುವ ಸೈಕಲ್ಲಿನ ಫ್ರೇಮ್ ಸೈಜನ್ನೂ, ಜೊತೆಗೆ ಮೆಕ್ಯಾನಿಕ್ ಬರುತ್ತಾರೆಯೇ ಎಂಬುದನ್ನೂ ಲಿಖಿತವಾಗಿ ಕೇಳಿ ಪಡೆಯಬೇಕು. ಸಾಧ್ಯವಾದರೆ ಸ್ವಂತ ಸೈಕಲ್ಲನ್ನೇ ತರುವುದು ಮೇಲು, ಅದಕ್ಕೆ ಬೆಲೆಯಲ್ಲಿ ರಿಯಾಯಿತಿ ಕೇಳಿದರೆ ಕೊಡುತ್ತಾರೆ. ವಾರಾಂತ್ಯ ತಪ್ಪಿಸಿ ಸೋಮವಾರ ಆರಂಭವಾಗುವ ಗುಂಪನ್ನು ಆರಿಸಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಮತ್ತು ಇಂಬಳಗಳ ಕಾಟವಿರುವುದರಿಂದ ಆ ತಿಂಗಳುಗಳ ರಿಯಾಯಿತಿ ದರಕ್ಕೆ ಮರುಳಾಗುವುದು ಬೇಡ.