93 ಡಿಬಿ ಅಂತ ನಂಬಿ ಸ್ಪೀಕರ್‌ಗೆ 72 ಸಾವಿರ ಸುರಿದೆ, ವಾಲ್ವ್ (ಗಾಜಿನ ಟ್ಯೂಬ್‌ನ) ಆಂಪ್ ಇಟ್ಕೊಂಡೋರು ಒಂದ್ಸಲ ಓದ್ಬಿಡಿ

ಬರೀಬೇಕೋ ಬೇಡ್ವೋ ಅಂತ ಎರಡು ತಿಂಗಳು ಸುಮ್ನಿದ್ದೆ, ಯಾಕಂದ್ರೆ ತಪ್ಪಲ್ಲಿ ಅರ್ಧ ನಂದೇ. ಆದ್ರೆ ಹೋದ್ ವಾರ ಆಫೀಸಿನ ಹುಡುಗ ಒಬ್ಬ "ಸಾರ್ ಚಿಕ್ಕ ಟ್ಯೂಬ್ ಆಂಪ್ ತಗೊಂಡಿದೀನಿ, ಫ್ಲೋರ್‌ಸ್ಟ್ಯಾಂಡರ್ ಒಂದು ಕಡಿಮೇಲಿ ಸಿಕ್ತಿದೆ, ಸ್ಟಿಕ್ಕರ್ ಮೇಲೆ 92 ಡಿಬಿ ಅಂತಿದೆ, ತಗೊಳ್ಳಾ?" ಅಂತ ಕೇಳ್ದಾಗ ಹೊಟ್ಟೆ ಚುರ್ ಅಂತು, ಅದಕ್ಕೇ ಇದು. (ಡಿಬಿ ಅಂದ್ರೆ ಡೆಸಿಬೆಲ್, ಸೌಂಡ್ ಎಷ್ಟು ಜೋರು ಅನ್ನೋ ಲೆಕ್ಕ. ಸ್ಟಿಕ್ಕರ್ ಮೇಲಿನ ಸಂಖ್ಯೆ ಜಾಸ್ತಿ ಇದ್ದಷ್ಟೂ ಸ್ಪೀಕರ್ ಕಡಿಮೆ ಪವರ್‌ಗೇ ಜೋರಾಗಿ ಹಾಡತ್ತೆ ಅಂತ.)

ನನ್ನತ್ರ ಇರೋದು ಸಿಂಗಲ್ ಎಂಡೆಡ್ 300ಬಿ ಆಂಪ್ (300ಬಿ ಅನ್ನೋದು ಟ್ಯೂಬಿನ ಹೆಸರು), ಚಾನೆಲ್‌ಗೆ ಸುಮಾರು 8 ವ್ಯಾಟ್, ಸೆಕೆಂಡ್ ಹ್ಯಾಂಡ್. ಹಳೇ ಬುಕ್‌ಶೆಲ್ಫ್ ಸ್ಪೀಕರ್‌ಗೆ ಅದು ಸಾಲ್ತಿರ್ಲಿಲ್ಲ, ಹಂಗಾಗಿ ಎಫಿಶಿಯೆಂಟ್ ಆಗಿರೋ ದೊಡ್ಡ ಸ್ಪೀಕರ್ ಹುಡುಕ್ತಾ ಇದ್ದೆ, ಬಜೆಟ್ ಎಳೆದಾಡಿದ್ರೂ 75 ಸಾವಿರ. ಬೆಂಗಳೂರಲ್ಲೇ ಒಂದು ಅಂಗಡೀಲಿ (ಹೆಸರು ಬೇಡ) ಎರಡು ಆರೂವರೆ ಇಂಚಿನ ವೂಫರ್, ಒಂದು ಡೋಮ್ ಟ್ವೀಟರ್ ಇರೋ, ಸೊಂಟದ ಮೇಲೆ ಬರೋ ಎತ್ತರದ ಜೋಡಿ ತೋರಿಸಿದ್ರು. ಹಿಂದೆ ಸ್ಟಿಕ್ಕರ್: 93 ಡಿಬಿ, 8 ಓಮ್ ಕಂಪ್ಯಾಟಿಬಲ್ (ಓಮ್ ಅಂದ್ರೆ ಕರೆಂಟ್‌ಗೆ ಸ್ಪೀಕರ್ ಒಡ್ಡೋ ತಡೆಯ ಅಳತೆ). "ವಾಲ್ವ್‌ಗೆ ಹೇಳಿ ಮಾಡಿಸಿದ ಹಾಗಿದೆ ಸಾರ್" ಅಂದ ಅಲ್ಲಿನ ಮನುಷ್ಯ.

ಡೆಮೋ ಬಗ್ಗೆ ಹೇಳ್ಲೇಬೇಕು. ಮಂದ ಬೆಳಕಿನ ರೂಮು, ರ್ಯಾಕ್ ಮೇಲೆ ನಾಲ್ಕು ಟ್ಯೂಬ್ ಕೆಂಡದ ಹಾಗೆ ಹೊಳೀತಿದೆ, ಒಂದು ಹೆಣ್ಣು ದನಿ ಮತ್ತೆ ಒಂದು ಗಿಟಾರ್ ಅಷ್ಟೇ. ಅಬ್ಬಾ ಅನ್ನಿಸ್ತು. ನಾನು ಟ್ಯೂಬ್ ನೋಡ್ದೆ, ವೈರ್ ನೋಡ್ಲಿಲ್ಲ. ಆ ಟ್ಯೂಬ್‌ಗಳು ಇದ್ದಿದ್ದು ಪ್ರೀ ಆಂಪ್‌ನಲ್ಲಿ, ಅಂದ್ರೆ ಸಿಗ್ನಲ್ ಸಜ್ಜು ಮಾಡಿ ಪವರ್ ಆಂಪ್‌ಗೆ ಕಳಿಸೋ ಡಬ್ಬದಲ್ಲಿ ಕಣ್ರಿ! ಸ್ಪೀಕರ್ ಓಡಿಸ್ತಾ ಇದ್ದಿದ್ದು ಕೆಳಗಿನ ಶೆಲ್ಫ್‌ನಲ್ಲಿ ಕಪ್ಪಗೆ ಕೂತಿದ್ದ ಟ್ರಾನ್ಸಿಸ್ಟರ್ ಪವರ್ ಆಂಪ್, 150 ವ್ಯಾಟ್. ಇದು ನಂಗೆ ಗೊತ್ತಾಗಿದ್ದು ಎರಡನೇ ಸಲ ಜಗಳ ಆಡಕ್ಕೆ ಹೋದಾಗ. ಅವ್ನು ಸುಳ್ಳು ಹೇಳಿರ್ಲಿಲ್ಲ, ನಾನು ಕೇಳಿರ್ಲಿಲ್ಲ.

ಮನೆಗೆ ತಂದು ಮೊದಲ ದಿನ ಖುಷಿಯಾಗೇ ಇದ್ದೆ, ಮಲ್ಲಿಕಾರ್ಜುನ ಮನ್ಸೂರರನ್ನ ಮೆತ್ತಗೆ ಕೇಳ್ದೆ, ಚೆನ್ನಾಗೇ ಇತ್ತು. ಬಾಸ್ ಸ್ವಲ್ಪ ಜಾಸ್ತಿ ಊದಿದ ಹಾಗಿದೆ ಅನ್ನಿಸಿದ್ರೂ ಹೊಸದು, ಪಳಗತ್ತೆ ಬಿಡು ಅಂದ್ಕೊಂಡೆ. ಎರಡನೇ ದಿನ ಯಕ್ಷಗಾನ ಹಾಕ್ದೆ. ನಾನು ಹೊನ್ನಾವರದ ಕಡೆಯವ್ನು, ಊರಲ್ಲಿ ಬಯಲಾಟ ಆದಾಗ ಮುಂದಿನ ಸಾಲಲ್ಲಿ ಕೂತು ನಾವೇ ರೆಕಾರ್ಡರ್‌ನಲ್ಲಿ ಹಿಡಿದಿದ್ದು, ಯಾರೂ ಸ್ಟುಡಿಯೋದಲ್ಲಿ ಅದನ್ನ ಒತ್ತಿ ಚಪ್ಪಟೆ ಮಾಡಿಲ್ಲ. ಭಾಗವತರು ಪದ ಎತ್ತಿದ್ರು, ಪರವಾಗಿಲ್ಲ, ಮದ್ದಳೆ ಬಂತು, ಹೂಂ, ಆಮೇಲೆ ಚೆಂಡೆ ಬಿತ್ತು ನೋಡಿ, ಒದ್ದೆ ರಟ್ಟಿನ ಡಬ್ಬಕ್ಕೆ ಬಡಿದ ಹಾಗೆ! ಪೆಟ್ಟಿನ ತುದೀನೇ ಇಲ್ಲ. ವಾಲ್ಯೂಮ್ ತಿರುಗಿಸಿದ್ರೆ ಭಾಗವತರು ಜೋರಾಗ್ತಾರೆ, ಚೆಂಡೆ ಅಲ್ಲೇ ನಿಂತಿರತ್ತೆ. ಈ ತರ ಆಂಪ್‌ಗಳು ದಮ್ಮು ಮುಗಿದಾಗ ಪರಪರ ಅಂತ ಹರಿಯಲ್ಲ, ಮೆತ್ತಗೆ ತಲೆ ಬಗ್ಗಿಸ್ತವೆ, ಅದಕ್ಕೇ ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ, "ವಾಲ್ವ್ ಸೌಂಡ್ ಅಂದ್ರೆ ಹಿಂಗೇ, ಸಾಫ್ಟ್" ಅಂತ ಅಂದ್ಕೊಂಡಿರ್ತಾರೆ.

ಅನುಮಾನ ಬಂದು ಆಂಪ್ ಆಫ್ ಮಾಡಿ ವೈರ್ ಬಿಚ್ಚಿ ಎಸ್‌ಪಿ ರೋಡಲ್ಲಿ ತಂದ ಮಾಮೂಲಿ ಮಲ್ಟಿಮೀಟರ್ ಹಚ್ಚಿದೆ. 3.1 ಓಮ್. ಮೀಟರ್ ಸರಿ ಇಲ್ವೇನೋ ಅಂತ ಹಳೇ ಬುಕ್‌ಶೆಲ್ಫ್‌ಗೆ ಹಚ್ಚಿದೆ, 5.9. ನಿಜವಾದ 8 ಓಮ್ ಸ್ಪೀಕರ್ ಸಾಮಾನ್ಯವಾಗಿ ಐದೂವರೆ ಆರರ ಹತ್ರ ತೋರಿಸತ್ತೆ, ಮೂರು ಚಿಲ್ಲರೆ ಬಂದ್ರೆ ಅದು 4 ಓಮ್ ಜಾತಿ. (ಮೀಟರ್ ಕಾಣೋದು ವೂಫರ್ ಮಾತ್ರ, ಟ್ವೀಟರ್‌ಗೆ ಮುಂದೆ ಕೆಪಾಸಿಟರ್ ಇರೋದ್ರಿಂದ ಅದು ಲೆಕ್ಕಕ್ಕೆ ಬರಲ್ಲ.) ಎರಡು ವೂಫರ್ ಪ್ಯಾರಲಲ್ ಹಾಕಿದಾರೆ, ಅದಕ್ಕೇ 4. "ಕಂಪ್ಯಾಟಿಬಲ್" ಅನ್ನೋ ಪದದ ಮಹಿಮೆ ಆಗ ಅರ್ಥ ಆಯ್ತು. 8 ಓಮ್ ಅಂತ ಅವ್ರು ಎಲ್ಲೂ ಹೇಳೇ ಇಲ್ಲ!

ಈಗ ಆ 93. ಸೆನ್ಸಿಟಿವಿಟಿನ, ಅಂದ್ರೆ ಸ್ಟಿಕ್ಕರ್ ಮೇಲಿನ ಆ ಡಿಬಿನ, 1 ಮೀಟರ್ ದೂರದಲ್ಲಿ 2.83 ವೋಲ್ಟ್ ಕೊಟ್ಟು ಅಳೀತಾರೆ. ಆ ವೋಲ್ಟೇಜ್ 8 ಓಮ್‌ಗೆ ಹೋದ್ರೆ ಸರಿಯಾಗಿ 1 ವ್ಯಾಟ್, ಅದೇ 4 ಓಮ್‌ಗೆ ಹೋದ್ರೆ 2 ವ್ಯಾಟ್. ಅಂದ್ರೆ 4 ಓಮ್ ಸ್ಪೀಕರ್‌ಗೆ ಪುಕ್ಕಟೆ 3 ಡಿಬಿ ಸಿಗತ್ತೆ ಕಾಗದದ ಮೇಲೆ. ದೊಡ್ಡ ಟ್ರಾನ್ಸಿಸ್ಟರ್ ಆಂಪ್ ಇರೋನಿಗೆ ಇದ್ರಿಂದ ನಷ್ಟ ಇಲ್ಲ, ಎಂಟೇ ವ್ಯಾಟ್ ಎಣಿಸಿಕೊಂಡು ಕೂತಿರೋ ನಮಗೆ ಇದೇ ಹೊಡೆತ. ಅಲ್ಲಿಗೆ ಒಂದು ವ್ಯಾಟ್‌ಗೆ 90 ಅಂದ್ಕೊಂಡೆ. ಗೆಳೆಯ ಒಬ್ಬ ಯುಮಿಕ್-1 ಅನ್ನೋ ಅಳತೆ ಮೈಕು, ಲ್ಯಾಪ್‌ಟಾಪ್ ತಂದು ಆರ್‌ಇಡಬ್ಲ್ಯೂ ಅನ್ನೋ ಸೌಂಡ್ ಅಳೆಯೋ ಸಾಫ್ಟ್‌ವೇರ್‌ನಲ್ಲಿ ಒಂದು ಭಾನುವಾರ ಪೂರ್ತಿ ಅಳೆದ, 2.83 ವೋಲ್ಟ್‌ಗೆ ಬಂದಿದ್ದು 88 ಅಷ್ಟೇ. ಇನ್ನೈದು ಡಿಬಿ ಎಲ್ಲಿಂದ ಬಂತು ಅಂತ ಸ್ಟಿಕ್ಕರ್ ಅಂಟಿಸಿದೋರನ್ನೇ ಕೇಳ್ಬೇಕು, ರೂಮಿನ ಗೋಡೆಯಿಂದ ವಾಪಸ್ ಬರೋ ಸೌಂಡನ್ನೂ ಸೇರಿಸಿ ಹೇಳೋ ಅಭ್ಯಾಸ ಕೆಲವರಿಗಿದೆ. ಒಟ್ನಲ್ಲಿ 88ರಿಂದ ಆ ಪುಕ್ಕಟೆ 3 ಕಳೆದ್ರೆ ಒಂದು ವ್ಯಾಟ್‌ಗೆ 85.

ಎಂಟು ವ್ಯಾಟ್ ಅಂದ್ರೆ ಅದರ ಮೇಲೆ ಇನ್ನೊಂದು 9, ಒಟ್ಟು 94. ಹತ್ತಡಿ ದೂರದ ಸೋಫಾಗೆ ಬರೋ ಹೊತ್ತಿಗೆ, ಎರಡು ಸ್ಪೀಕರ್ರು, ಗೋಡೆಗಳು ಕೊಡೋದನ್ನ ಸೇರಿಸಿದ್ರೂ 90ರ ಆಸುಪಾಸು, ಅದೇ ಕೊನೆ. ನಮ್ಮ ರೆಕಾರ್ಡಿಂಗ್‌ನಲ್ಲಿ ಭಾಗವತರ ದನಿಗಿಂತ ಚೆಂಡೆ ಪೆಟ್ಟು 20 ಡಿಬಿ ಮೇಲಿದೆ, ದನೀನ 75ಕ್ಕೆ ಇಟ್ರೆ ಚೆಂಡೆಗೆ 95 ಬೇಕು. ಆ ಐದು ಡಿಬಿಗೆ 25 ವ್ಯಾಟ್ ಬೇಕಾಗತ್ತೆ. ಅದೇ ವ್ಯಾಟ್‌ಗೆ ನಿಜವಾಗ್ಲೂ 95 ಕೊಡೋ ಸ್ಪೀಕರ್ ಆಗಿದ್ರೆ ಎರಡೂವರೆ ವ್ಯಾಟ್ ಸಾಕಾಗ್ತಿತ್ತು. ಹತ್ತು ಡಿಬಿ ಅಂದ್ರೆ ಹತ್ತು ಪಟ್ಟು ಪವರ್ ಅನ್ನೋದನ್ನ ಪುಸ್ತಕದಲ್ಲಿ ಓದಿದ್ದೆ, ಮೈಗೆ ತಾಗಿದ್ದು ಆವತ್ತು.

ಬಾಸ್ ಊದ್ಕೊಂಡಿದ್ದಕ್ಕೂ ಕಾರಣ ಸಿಕ್ತು. ನನ್ನ ಆಂಪ್‌ಗೆ ಫೀಡ್‌ಬ್ಯಾಕ್ (ಔಟ್‌ಪುಟ್‌ನ ತಪ್ಪು ತಾನೇ ತಿದ್ದಿಕೊಳ್ಳೋ ಏರ್ಪಾಡು) ಇಲ್ಲ, 8 ಓಮ್ ಟ್ಯಾಪ್‌ನಲ್ಲಿ (8 ಓಮ್ ಸ್ಪೀಕರ್‌ಗೆ ಅಂತ ಹಿಂದೆ ಇರೋ ಕನೆಕ್ಷನ್) ಔಟ್‌ಪುಟ್ ಇಂಪೀಡೆನ್ಸ್, ಅಂದ್ರೆ ಆಂಪ್‌ನ ಸ್ವಂತ ತಡೆ, 3 ಓಮ್ ಹತ್ರ. ಈ ಸ್ಪೀಕರ್ ಇಂಪೀಡೆನ್ಸು ಕೆಳಗಡೆ ಬಾಸ್‌ನಲ್ಲಿ 25 ಓಮ್ ತನಕ ಏರಿ, 150 ಹರ್ಟ್ಜ್ ಹತ್ರ 3.4ಕ್ಕೆ ಇಳಿಯತ್ತೆ, ಆಂಪು ಆ ಗೆರೆ ಹಿಂದೇನೇ ಕುಣಿಯತ್ತೆ. ಏರಿದ ಕಡೆ ಸುಮಾರು 4 ಡಿಬಿ ಜಾಸ್ತಿ, ಮದ್ದಳೆ ಮೈ ಇರೋ ಕಡೆ ಕಡಿಮೆ. 4 ಓಮ್ ಟ್ಯಾಪ್‌ಗೆ ಬದಲಾಯಿಸಿದ ಮೇಲೆ ಊತ ಅರ್ಧಕ್ಕರ್ಧ ಇಳೀತು, ಚೆಂಡೆ ಸ್ವಲ್ಪ ಎದ್ದು ಕೂತ್ಕೊಂತು, ಆದ್ರೆ ನಿಲ್ಲಲಿಲ್ಲ. ಹಾಂ, ಟ್ಯಾಪ್ ಬದಲಾಯಿಸೋವಾಗ ಆಂಪ್ ಪೂರ್ತಿ ಆಫ್ ಮಾಡಿ, ಸ್ಪೀಕರ್ ಕಟ್ಟದೆ ಹಾಡು ಹಾಕ್ಲೇಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ರೆ ಸ್ಪೀಕರ್‌ಗಿಂತ ದೊಡ್ಡ ಅಳು.

ಅಂಗಡಿಗೆ ಹೋಗಿ ವಾಪಸ್ ತಗೊಳ್ಳಿ ಅಂದ್ರೆ "ಬಾಕ್ಸ್ ಓಪನ್ ಆಗಿದೆ ಸಾರ್, ಇನ್ನೂರು ಗಂಟೆ ಓಡಿಸಿ, ಬಿಚ್ಕೊಳ್ಳತ್ತೆ" ಅಂದ್ರು. ಇನ್ನೂರು ಗಂಟೆ ಓಡಿಸಿದ್ರೆ ಬಿಚ್ಕೊಳ್ಳೋದು ನಮ್ಮ ಕಿವಿ, ಅಂದ್ರೆ ನಮಗೆ ಅಭ್ಯಾಸ ಆಗೋಗತ್ತೆ. ಮೂರೋ ಐದೋ ಡಿಬಿ ಎಲ್ಲಿಂದ್ಲೂ ಹುಟ್ಟಲ್ಲ.

ಈಗ ಯೋಚಿಸಿದ್ರೆ ಸ್ಪೀಕರ್ ಮುಖ ನೋಡಿದ್ರೇ ಗೊತ್ತಾಗ್ಬೇಕಿತ್ತು. 1957ರಲ್ಲಿ ಕೆಎಲ್‌ಎಚ್ ಅನ್ನೋ ಸ್ಪೀಕರ್ ಕಂಪನಿ ಶುರು ಮಾಡಿದೋರಲ್ಲಿ ಒಬ್ರು ಹಾಫ್‌ಮನ್, ಅವ್ರ ಹೆಸರಲ್ಲಿ ಒಂದು ಮಾತಿದೆ: ಆಳವಾದ ಬಾಸ್, ಚಿಕ್ಕ ಡಬ್ಬ, ಹೆಚ್ಚು ಸೆನ್ಸಿಟಿವಿಟಿ, ಮೂರರಲ್ಲಿ ಎರಡು ಮಾತ್ರ ನಿಮ್ಮದು. ಪಾಲ್ ಕ್ಲಿಪ್ಷ್ 1946ರಲ್ಲಿ ಕಂಪನಿ ಕಟ್ಟಿ ಮಾರಿದ ಹಾರ್ನ್ ಸ್ಪೀಕರ್ ಬೀರುವಿನ ಹಾಗೆ ಮೂಲೆ ತುಂಬ್ಕೊಂಡಿರ್ತಿದ್ದಿದ್ದು ಚೆಂದಕ್ಕಲ್ಲ. ತೆಳ್ಳಗೆ ಉದ್ದಕ್ಕೆ ಇರೋ, 35 ಹರ್ಟ್ಜ್ ತನಕ ಹೋಗ್ತೀನಿ ಅನ್ನೋ, 72 ಸಾವಿರದ ಡಬ್ಬ 93 ಕೊಡತ್ತೆ ಅಂದ್ರೆ ಎಲ್ಲೋ ಒಂದು ಕಡೆ ಸುಳ್ಳಿದೆ ಅಂತಾನೇ ಅರ್ಥ.

ಆ ಹುಡುಗನಿಗೆ ಹೇಳಿದ್ದು ಇಷ್ಟು. ಎತ್ತರ ನೋಡ್ಬೇಡ, ಅಗಲ ನೋಡು, ಹತ್ತೋ ಹನ್ನೆರಡೋ ಇಂಚಿನ ವೂಫರ್ರು, ಮೇಲೆ ಹಾರ್ನು ಇರೋದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿದ್ರೆ ಅದು. ಸ್ಟೀರಿಯೋಫೈಲ್ ಅನ್ನೋ ಆಡಿಯೋ ಪತ್ರಿಕೇಲಿ ಜಾನ್ ಆಟ್ಕಿನ್ಸನ್ ಅಳೆದಿರೋ ಮಾಡೆಲ್ ಆಗಿದ್ರೆ ಹೊಗಳಿಕೆ ಬಿಟ್ಟು ಇಂಪೀಡೆನ್ಸ್ ಗ್ರಾಫ್ ನೋಡು, 6 ಓಮ್‌ಗಿಂತ ಕೆಳಗೆ ಬಾಳಾ ಇಳಿಯದೆ ಸಮವಾಗಿದ್ರೆ ಒಳ್ಳೇದು. ಆಮೇಲೆ ನಿನ್ನ ಆಂಪ್‌ನ ಬಗಲಲ್ಲಿ ಇಟ್ಕೊಂಡು ಹೋಗು, ನಿನ್ನದೇ ಹಾಡು ಹಾಕು, ಬೇಡ ಅಂದ್ರೆ ಎದ್ದು ಬಾ. ಇದ್ಯಾವ್ದೂ ಆಗಲ್ಲ ಅಂದ್ರೆ ಆಂಪೇ ಬದಲಾಯ್ಸು, ಇಎಲ್34 ಪುಶ್‌ಪುಲ್ (ಇಎಲ್34 ಟ್ಯೂಬ್‌ಗಳು ಜೋಡಿಯಾಗಿ ದುಡಿಯೋ ಆಂಪ್) ಒಂದು 30 ವ್ಯಾಟ್ ಕೊಟ್ರೆ ಈ ತಲೆನೋವೇ ಇಲ್ಲ. 300ಬಿ ಮೋಹ ಇರೋ ನಂಗೆ ಅದು ಆಗ್ಲಿಲ್ಲ, ಬೇರೆ ವಿಷ್ಯ.

ಸ್ಪೀಕರ್‌ನ ಕೊನೆಗೆ 41 ಸಾವಿರಕ್ಕೆ ಮಾರ್ದೆ. ತಗೊಳ್ಳೋಕೆ ಬಂದೋರಿಗೆ ಮೀಟರ್ ಹಚ್ಚಿ 3.1 ತೋರಿಸಿಯೇ ಕೊಟ್ಟೆ, ಅವ್ರತ್ರ 100 ವ್ಯಾಟ್‌ನ ಟ್ರಾನ್ಸಿಸ್ಟರ್ ಆಂಪ್ ಇತ್ತು, "ನಮ್ಗೆ ನಡಿಯತ್ತೆ ಬಿಡಿ" ಅಂದ್ರು. ಇಳಿಸೋಕೆ ಅವ್ರ ಮನೆ ತನಕ ಹೋಗಿದ್ದೆ, ಜೋಡಿಸಿ ಕಾಫಿ ಕೊಟ್ರು, ನನ್ನ ಫೋನಿಂದ ಅದೇ ಬಯಲಾಟದ ರೆಕಾರ್ಡಿಂಗ್ ಹಾಕಿಸ್ದೆ. ಚೆಂಡೆ ಬಿತ್ತು ನೋಡಿ, ಒಳಗಡೆ ಮಲಗಿದ್ದ ಮಗು ಎದ್ದು ಅಳಕ್ಕೆ ಶುರು ಮಾಡ್ತು.