ನಂದಿಯ ಲಾ ರಿಸರ್ವ್ ಕೊಳ್ಳುವುದೋ, ಭೀಮೆಯ ಸೀಮೆಯ ಸೆಟ್ಟೆಯೋ?

ಊಟದ ಜೊತೆಗೆ ಯಾವ ಕೆಂಪು ವೈನ್ ತರಲಿ ಎಂದು ಕಲಬುರಗಿಯ ಗೆಳೆಯರು ಕೇಳಿದಾಗ ನಾನು ಮೊದಲು ಹೇಳುವ ಹೆಸರು ಗ್ರೋವರ್. 1988ರಲ್ಲಿ ಶುರುವಾದ ನಂದಿ ಬೆಟ್ಟದ ತಪ್ಪಲಿನ ಈ ವೈನರಿ, ದ್ರಾಕ್ಷಿ ಇರುವುದೇ ತಿನ್ನುವುದಕ್ಕೆ ಎಂದು ಎಲ್ಲರೂ ತಿಳಿದಿದ್ದ ಕಾಲದಲ್ಲಿ ಫ್ರಾನ್ಸಿನ ತಳಿಗಳನ್ನು ಬೆಳೆಸಿತು; ಅಲ್ಲಿನ ಬೋರ್ಡೋದ ವೈನ್ ತಜ್ಞ ಮಿಶೆಲ್ ರೋಲಾನ್ ಅವರ ಸಲಹೆ ಪಡೆಯಿತು. ಅದರ ಲಾ ರಿಸರ್ವ್ ವೈನ್, ಕ್ಯಾಬರ್ನೆ ಸೊವಿನ್ಯೋ ಮತ್ತು ಶಿರಾಜ್ ಎಂಬ ಎರಡು ದ್ರಾಕ್ಷಿ ತಳಿಗಳ ಬೆರಕೆ, ಫ್ರೆಂಚ್ ಓಕ್ ಪೀಪಾಯಿಯಲ್ಲಿ ಮಾಗಿದ್ದು. ಲೋಟವನ್ನು ಮೂಗಿನ ಹತ್ತಿರ ತಂದರೆ ಮೊದಲು ಕರಿಮೆಣಸು, ಆಮೇಲೆ ನೇರಳೆ. ಗುಟುಕು ಇಳಿದ ಮೇಲೆ ನಾಲಿಗೆಯ ಅಂಚಿನಲ್ಲಿ ಹದವಾದ ಒಗರು.

ಇನ್ನೊಂದು ವೈನರಿ ಫ್ರಾಟೆಲ್ಲಿ, 2007ರದು. ತೋಟಗಳು ಸೊಲ್ಲಾಪುರ ಜಿಲ್ಲೆಯ ಅಕಲೂಜ್ ಸುತ್ತ, ಅಂದರೆ ನಮ್ಮ ಭೀಮೆಯದೇ ಕೊಳ್ಳ. ಅದರ ಕೆಂಪು ವೈನ್ ಸೆಟ್ಟೆಯಲ್ಲಿ ಕ್ಯಾಬರ್ನೆ ಜೊತೆಗೆ ಇಟಲಿಯ ಸಾಂಜೊವೆಸೆ ತಳಿಯೂ ಇದೆ, ಹುಳಿ ಮುಂದು.

ಜೋಳದ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಇದ್ದರೆ ಸೆಟ್ಟೆ ತನ್ನಿ, ಆ ಹುಳಿ ಜಿಡ್ಡನ್ನು ಮುರಿಯುತ್ತದೆ. ಮಟನ್ ಇದ್ದರೆ ಲಾ ರಿಸರ್ವ್. ಮೊದಲ ಬಾಟಲಿ ಕೊಳ್ಳುವವರಿಗೂ ನನ್ನ ಮತ ಅದಕ್ಕೇ. ಯಾವುದನ್ನೇ ತಂದರೂ ಮೇ ತಿಂಗಳಲ್ಲಿ ಅಡುಗೆಮನೆಯ ಕಪಾಟಿನಲ್ಲಿಡಬೇಡಿ. 40 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ವೈನ್ ಕೆಡುತ್ತದೆ. ಕುಡಿಯುವ ಅರ್ಧ ಗಂಟೆ ಮೊದಲು ಫ್ರಿಜ್‌ನಲ್ಲಿಡಿ.