ಡಿಫ್ ಆಯಿಲ್: ತೆಳು 5-5-3 ಸರೀನಾ, ಗಟ್ಟಿ 10-10-5 ಸರೀನಾ?

ಒಂದೇ ರಿಮೋಟ್ ಕಂಟ್ರೋಲ್ (ಆರ್‌ಸಿ) ಬಗ್ಗಿ, ಒಂದೇ ಮಣ್ಣಿನ ಟ್ರ್ಯಾಕು, ಒಂದೇ ಸೆಟ್ ಟೈರು, ಬದಲಾಯಿಸಿದ್ದು ಡಿಫ್ ಆಯಿಲ್ ಮಾತ್ರ, ಅಂದ್ರೆ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಡಿಫರೆನ್ಷಿಯಲ್ ಗೇರಿನ ಒಳಗಿರೋ ಆಯಿಲ್. ಎರಡು ವಾರ ಹೀಗೆ ಓಡ್ಸಿ ನೋಡಿದ್ದನ್ನ ಬರೀತಿದೀನಿ. ಆರ್‌ಸಿ ಗಾಡಿ ತಗೊಂಡೋರು ಮೊದಲು ಕೈ ಹಾಕೋದು ಮೋಟರ್ರು, ಪಿನಿಯನ್ನು, ಬ್ಯಾಟರಿಗೆ, ಡಿಫ್ ಬಿಚ್ಚಿ ಒಳಗೆ ಯಾವ ಆಯಿಲ್ ಇದೆ ಅಂತ ನೋಡೋರು ತುಂಬಾ ಕಮ್ಮಿ, ಆದ್ರೆ ಗಾಡಿ ನಮ್ಮ ಮಾತು ಕೇಳುತ್ತೋ ಇಲ್ವೋ ಅನ್ನೋದು ಬಹುಪಾಲು ಅಲ್ಲೇ ಇರೋದು.

ಗಾಡಿ 1/8 ಸ್ಕೇಲ್ ಎಲೆಕ್ಟ್ರಿಕ್ ಬಗ್ಗಿ, ಫೋರ್ ವೀಲ್ ಡ್ರೈವ್, 4ಎಸ್ ಲಿಪೋ (ನಾಲ್ಕು ಸೆಲ್ಲಿನ) ಬ್ಯಾಟರಿ. ಮೂರು ಡಿಫ್ ಇರುತ್ತೆ: ಮುಂದೆ, ಮಧ್ಯ, ಹಿಂದೆ. 5-5-3 ಅಂದ್ರೆ ಮುಂದೆ 5000, ಸೆಂಟರ್‌ಗೆ 5000, ಹಿಂದೆ 3000 ಸಿಎಸ್‌ಟಿ ಸಿಲಿಕೋನ್ ಆಯಿಲ್, ಸಿಎಸ್‌ಟಿ (ಸೆಂಟಿಸ್ಟೋಕ್) ಅಂದ್ರೆ ಆಯಿಲ್ ಎಷ್ಟು ಗಟ್ಟಿ ಅನ್ನೋ ಅಳತೆ. ನೀರು ಸುಮಾರು 1 ಸಿಎಸ್‌ಟಿ, ಅದಕ್ಕೆ ಹೋಲಿಸ್ಕೊಂಡ್ರೆ ಇದು ಎಷ್ಟು ಗಟ್ಟಿ ಅಂತ ಗೊತ್ತಾಗುತ್ತೆ. ತಿರುವಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಜಾಸ್ತಿ ದೂರ ಹೋಗ್ಬೇಕು, ಆ ವ್ಯತ್ಯಾಸಕ್ಕೆ ಡಿಫ್ ದಾರಿ ಬಿಡುತ್ತೆ, ಆದ್ರೆ ಬರೀ ದಾರಿ ಬಿಟ್ರೆ ಹಿಡಿತ ಇಲ್ಲದ ಚಕ್ರಾನೇ ಸುಮ್ನೆ ಗಿರ್ ಅಂತ ತಿರುಗಿ ಪವರ್ ಎಲ್ಲಾ ಅಲ್ಲೇ ಹೋಗ್ಬಿಡುತ್ತೆ, ಅದನ್ನ ತಡೆಯೋದೇ ಈ ಆಯಿಲ್.

ಮೊದಲ ದಿನ ಒಂದು ತಪ್ಪು ಮಾಡ್ದೆ, ಮೂರೂ ಡಿಫ್ ಒಟ್ಟಿಗೆ 10-10-5ಕ್ಕೆ ಬದಲಾಯಿಸ್ಬಿಟ್ಟೆ. ಗಾಡಿ ಪೂರ್ತಿ ಬೇರೆ ಆಯ್ತು ನಿಜ, ಆದ್ರೆ ಯಾವ ಡಿಫ್‌ನಿಂದ ಏನಾಯ್ತು ಅಂತ ಹೇಳೋಕೆ ಆಗ್ಲಿಲ್ಲ. ಆಮೇಲೆ ಮತ್ತೆ 5-5-3ಕ್ಕೆ ಬಂದು ಒಂದೊಂದನ್ನೇ ಬದಲಾಯಿಸ್ತಾ ಹೋದೆ.

ಸೆಂಟರ್ ಬಗ್ಗೆ ಜಾಸ್ತಿ ಹೇಳ್ಬೇಕು, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಪವರ್ ಹಂಚೋದು ಅದೇ. ಥ್ರಾಟಲ್ ಒತ್ತಿದ ತಕ್ಷಣ ಭಾರ ಹಿಂದಕ್ಕೆ ಹೋಗಿ ಮುಂದಿನ ಚಕ್ರ ಹಗುರ ಆಗುತ್ತೆ. ಸೆಂಟರ್‌ನಲ್ಲಿ 5000 ಇದ್ದಾಗ ಪವರ್ ಆ ಹಗುರ ಆದ ಕಡೆಗೇ ಓಡುತ್ತೆ, ಮುಂದಿನ ಟೈರು ಊದ್ಕೊಂಡು ತಿರುಗೋದು ಕಣ್ಣಿಗೇ ಕಾಣುತ್ತೆ, ಮೋಟರ್ ಸದ್ದು ಏರುತ್ತೆ ಆದ್ರೆ ಗಾಡಿ ಅಷ್ಟು ಮುಂದೆ ಹೋಗಲ್ಲ. ಎಲೆಕ್ಟ್ರಿಕ್‌ನಲ್ಲಿ ಟಾರ್ಕ್ ಒಂದೇ ಸಲಕ್ಕೆ ಬರೋದ್ರಿಂದ ನೈಟ್ರೋ (ಇಂಧನದ ಎಂಜಿನ್) ಗಾಡಿಗಿಂತ ಇದು ಎದ್ದು ಕಾಣುತ್ತೆ. 10000 ಹಾಕಿದ್ರೆ ಪವರ್ ಹಿಂದಿನ ಚಕ್ರಕ್ಕೂ ಗಟ್ಟಿಯಾಗಿ ಸೇರಿ ಗಾಡಿ ಬಾಣದ ಹಾಗೆ ಹೊರಡುತ್ತೆ, ಜಂಪ್‌ಗೆ ಮುಂಚೆ ಜಾಗ ಚಿಕ್ಕದಿದ್ರೂ ಸಲೀಸಾಗಿ ದಾಟುತ್ತೆ. ಓಡ್ಸೋಕೆ ಭಾರಿ ಖುಷಿ, ಸುಳ್ಳು ಹೇಳಲ್ಲ. ಆದ್ರೆ ಮಣ್ಣು ಸಡಿಲ ಆದ ಮಧ್ಯಾಹ್ನ ಅದೇ ಗಾಡಿ ತಿರುವಿನಿಂದ ಹೊರಗೆ ಬರೋವಾಗ ಬಾಲ ಬೀಸೋಕೆ ಶುರು ಮಾಡ್ತು, ಬೆರಳು ಸ್ವಲ್ಪ ಜಾಸ್ತಿ ಒತ್ತಿದ್ರೂ ಸ್ಪಿನ್. ಫೋನಲ್ಲಿ ಟೈಮ್ ಹಿಡಿದು ನೋಡಿದೆ, ಒಂದೇ ಒಂದು ಬೆಸ್ಟ್ ಲ್ಯಾಪ್ ಗಟ್ಟಿ ಆಯಿಲ್‌ದೇ, ಆದ್ರೆ ಸತತ ಹತ್ತು ಲ್ಯಾಪ್ ಕೂಡಿಸಿದ್ರೆ ತೆಳು ಆಯಿಲ್ ಗೆಲ್ಲುತ್ತೆ. ಕೈಗೆ ಫಾಸ್ಟ್ ಅನ್ಸೋದು ಒಂದು, ಗಡಿಯಾರದಲ್ಲಿ ಫಾಸ್ಟ್ ಇರೋದು ಇನ್ನೊಂದು, ಇದು ನಂಗೆ ಅರ್ಥ ಆಗಿದ್ದು ಇಲ್ಲೇ.

ಮುಂದಿನ ಡಿಫ್ ವಿಷಯಕ್ಕೆ ಬಂದ್ರೆ, 5000ದಲ್ಲಿ ಥ್ರಾಟಲ್ ಬಿಟ್ಟು ತಿರುವಿಗೆ ಇಳಿಸಿದಾಗ ಮೂಗು ಚೆನ್ನಾಗಿ ಒಳಗೆ ತಿರುಗುತ್ತೆ. 10000ದಲ್ಲಿ ಆ ಸ್ಟೀರಿಂಗ್ ಕಮ್ಮಿ ಆಗಿ ಗಾಡಿ ಅಗಲವಾಗಿ ಹೋಗುತ್ತೆ, ಬದಲಿಗೆ ಪವರ್ ಕೊಟ್ಟಾಗ ಮುಂದಿನ ಎರಡೂ ಚಕ್ರ ಸೇರಿ ಗಾಡೀನ ನೇರಕ್ಕೆ ಎಳ್ಕೊಂಡು ಹೋಗ್ತವೆ. ಉದ್ದದ, ವೇಗದ ತಿರುವು ಇರೋ ಟ್ರ್ಯಾಕಿಗೆ ಅದು ಸರಿ ಇರ್ಬಹುದು. ನಾನು ಓಡ್ಸೋ ಟ್ರ್ಯಾಕಲ್ಲಿ ಹೇರ್‌ಪಿನ್ ಜಾಸ್ತಿ, ಹಂಗಾಗಿ 5000 ಬಿಟ್ಟು ಮೇಲೆ ಹೋಗಲ್ಲ.

ಹಿಂದೆ 3000, ಯೋಚ್ನೆ ಬೇಡ. 5000 ಹಾಕಿದಾಗ ಪವರ್ ಮೇಲೆ ಗಾಡಿ ಬೇಗ ತಿರುಗುತ್ತೆ ಆದ್ರೆ ಪಕ್ಕಕ್ಕೆ ಹಿಡಿತ ಸಾಲಲ್ಲ.

ಕೊನೆಗೆ ನಿಂತಿದ್ದು 5-7-3ಗೆ. ಸೆಂಟರ್ 7000 ಅಂದ್ರೆ ಮುಂದಿನ ಚಕ್ರ ಸುಮ್ನೆ ತಿರುಗೋದೂ ಕಮ್ಮಿ ಆಯ್ತು, ಬಾಲ ಬೀಸೋದೂ ನಿಂತ್ತು. ನೆಲ ಗಟ್ಟಿಯಾಗಿ ಹಿಡಿತ ಚೆನ್ನಾಗಿರೋ ದಿನ ಸೆಂಟರ್ ಒಂದನ್ನೇ 10000 ಮಾಡ್ತೀನಿ, ಬೇರೆ ಎರಡನ್ನ ಮುಟ್ಟಲ್ಲ.

ಇನ್ನು ಆಯಿಲ್ ತುಂಬೋದು. ಹೋಲಿಕೆ ಸರಿಯಾಗಿ ಬರ್ಬೇಕಂದ್ರೆ ಪ್ರತಿ ಸಲ ಅಷ್ಟೇ ಆಯಿಲ್ ಇರ್ಬೇಕು, ನಾನು ಖಾಲಿ ಡಿಫ್‌ನ ಗ್ರಾಂ ತಕ್ಕಡಿ ಮೇಲಿಟ್ಟು ತೂಕ ನೋಡ್ಕೊಂಡು ತುಂಬ್ತೀನಿ. ಹಳೇ ಆಯಿಲ್ ಪೂರ್ತಿ ತೊಳೀಬೇಕು, ಇಲ್ಲಾಂದ್ರೆ 3000ಕ್ಕೆ 10000 ಬೆರೆತು ಇನ್ನೇನೋ ಆಗುತ್ತೆ. ಒಳಗಿನ ಅಡ್ಡ ಪಿನ್ ಮುಚ್ಚೋ ಮಟ್ಟಕ್ಕೆ ಹಾಕಿ, ಕೈಯಲ್ಲಿ ಗೇರ್ ನಿಧಾನ ತಿರುಗಿಸಿ, ಗುಳ್ಳೆ ಮೇಲೆ ಬರೋವರೆಗೂ ಬಿಡ್ಬೇಕು, ಗಟ್ಟಿ ಆಯಿಲ್‌ಗೆ ಇದು ತುಂಬಾ ಹೊತ್ತು ಹಿಡಿಯುತ್ತೆ. ಬಾಯಿವರೆಗೂ ತುಂಬ್ಬೇಡಿ, ಬಿಸಿ ಆದಾಗ ಆಯಿಲ್ ಹಿಗ್ಗಿ ಸೀಲ್ ಪಕ್ಕದಿಂದ ಸೋರುತ್ತೆ. ಮುಚ್ಚಳದ ಸ್ಕ್ರೂ ಒಂದಾದ್ಮೇಲೆ ಅದರ ಎದುರಿನದು, ಹೀಗೆ ಟೈಟ್ ಮಾಡಿ.

ಬಾಟಲಿ ಮೇಲಿನ ನಂಬರ್ ಬಗ್ಗೆ ಒಂದು ಮಾತು. ವೇಟ್ (ಗಟ್ಟಿತನ ಹೇಳೋ ಇನ್ನೊಂದು ಅಳತೆ) ಅಂತ ಇರೋದು ಕಂಪನಿಯಿಂದ ಕಂಪನಿಗೆ ಬದಲಾಗುತ್ತೆ, ಶಾಕ್ ಅಬ್ಸಾರ್ಬರ್ ಆಯಿಲ್‌ನಲ್ಲೇ ನೋಡಿ, ಅಸೋಸಿಯೇಟೆಡ್‌ನ 30 ವೇಟ್ 350 ಸಿಎಸ್‌ಟಿ, ಲೋಸಿಯ 30 ವೇಟ್ 338. ಅದಕ್ಕೆ ನಾನು ಸಿಎಸ್‌ಟಿ ಮಾತ್ರ ನೋಡೋದು, ಡಿಫ್‌ಗೆ ಯಾವಾಗ್ಲೂ ಒಂದೇ ಕಂಪನಿದು ಹಾಕೋದು.

ಮೊನ್ನೆ ಸೆಂಟರ್ ಬಿಚ್ಚಿದಾಗ ಆಯಿಲ್ ಬೂದು ಬಣ್ಣಕ್ಕೆ ತಿರುಗಿ ತೆಳ್ಳಗಾಗಿತ್ತು, ಮುಂದೆ ಹಿಂದೆ ಇದ್ದಿದ್ದು ಇನ್ನೂ ತಿಳಿಯಾಗೇ ಇತ್ತು. ಅತಿ ಹೆಚ್ಚು ಕೆಲಸ ಮಾಡೋದು ಸೆಂಟರ್, ಹಂಗಾಗಿ ಈಗ ಅದನ್ನ ಬೇರೆ ಎರಡಕ್ಕಿಂತ ಎರಡು ಪಟ್ಟು ಬೇಗ ಬದಲಾಯಿಸ್ತಾ ಇದೀನಿ.